ಹತ್ತು, ಎಂಟಕ್ಕಿಂತ ಮೊದಲು

ಕೊಪ್ಪಳದ ಮಗ್ಗುಲಿಗೇ ಭಾಗ್ಯನಗರ.
ಯಮನೂರಪ್ಪನವರ ಕೂದಲಿನ ಗೋದಾಮಿನ ಹಿಂಬದಿ ಕೋಣೆಯಲ್ಲಿ
ನನ್ನದೊಂದು ಲ್ಯಾಪ್‌ಟಾಪು, ಗರಗರ ಅನ್ನುವ ಫ್ಯಾನು.
ಕೀಲಿಮಣೆಯ ಸಂದಿಯಲ್ಲಿ ದಿನಕ್ಕೊಂದಾದರೂ ಕೂದಲು,
ಎಳೆದರೆ ಬರುತ್ತದೆ, ಬರುತ್ತಲೇ ಇರುತ್ತದೆ.

ಕೆಲಸ ಸಣ್ಣದು:
ಕೆಂಪು ಬಟ್ಟೆ ಹೊದ್ದ ಆರು ಖಾತೆ ಪುಸ್ತಕಗಳನ್ನು
ಒಂದೇ ಗ್ರಿಡ್ಡಾಗಿಸಿ ಬ್ರೌಸರಿಗೆ ತರುವುದು.
ಕಟ್ಟಿಗೊಂದು ಅಡ್ಡಸಾಲು,
ಇಂಚು, ಬಣ್ಣ, ತೂಕ, ದರ, ಯಾವ ಊರ ಗೋಣಿ ಅಂತ ಕಾಲಮ್ಮುಗಳು.
ಎಷ್ಟೇ ಕೆಳಗೆ ಉರುಳಿಸಿದರೂ
ತಲೆಸಾಲು ಮೇಲೆ ಕಚ್ಚಿಕೊಂಡಿರಬೇಕು.
(ತಲೆ ಅಲ್ಲೇ ನಿಂತಿರುತ್ತದೆ, ಕೂದಲಷ್ಟೇ ಸರಿಯುತ್ತದೆ.
ಇದನ್ನು ನಾನು ಯಾರಿಗೂ ಹೇಳಲಿಲ್ಲ.)

ಒಂದು ಲಕ್ಷ ಎಂಬತ್ತು ಸಾವಿರ ಸಾಲು,
ಪರದೆಯ ಮೇಲೆ ನಿಜಕ್ಕೂ ಇರುವುದು ಮೂವತ್ತು.
ಕಣ್ಣಿಗೆ ಬೀಳುವಷ್ಟನ್ನೇ ಹುಟ್ಟಿಸಿ
ದಾಟಿಹೋದ ಸಾಲಿನ ಮೈಯನ್ನೇ
ಬರುವ ಸಾಲಿಗೆ ತೊಡಿಸುವ ಹಂಚಿಕೆ.
ಮಾಲೀಕರು ಬೆರಳಿಂದ ಉಜ್ಜಿ ಉಜ್ಜಿ ನೋಡಿದರು.
"ಎಲ್ಲಾ ಐತಿಲ್ಲ ಒಳಗ?"
"ಐತ್ರಿ" ಅಂದೆ.

ಚಹಾದ ಹೊತ್ತಿಗೆ ಶಾವಂತ್ರೆವ್ವ ಬಂದಳು.
ಮೂವತ್ತೊಂದು ವರ್ಷ ಮೊಳೆಹಲಗೆಯ ಮುಂದೆ ಕೂತವಳು,
ಪಿನ್ನು ಬಲೂನು ಕೊಟ್ಟು ಓಣಿ ಓಣಿಯಲ್ಲಿ ಕೊಂಡ
ಸಿಕ್ಕಿನ ಮುದ್ದೆಯನ್ನು ಮೊಳೆಗಳ ಸಾಲಿಗೆ ಬೀಸಿ ಎಳೆದು
ಉದ್ದಕ್ಕೆ ಉದ್ದ ಜೋಡಿಸಿ ರಬ್ಬರು ಸುತ್ತುವವಳು.
ಓದು ಬಾರದು. ಅಂಕಿ ಬರುತ್ತದೆ.

ತೋರಿಸಲೆಂದು 'ಇಂಚು' ಒತ್ತಿದೆ. ಸಣ್ಣ ಬಾಣ ಮೇಲೆದ್ದಿತು.
ಹತ್ತು, ಹನ್ನೆರಡು, ಹದಿನಾಲ್ಕು,
ಹೀಗೇ ಹೋಗಿ ಇಪ್ಪತ್ತೆಂಟು, ಅದರ ಬೆನ್ನಿಗೆ
ಆರು. ಕೊನೆಗೆ ಎಂಟು.

ಆಕೆ ಲೋಟ ಕೆಳಗಿಟ್ಟಳು.
"ಯಾವ ಶಾಣ್ಯಾ ಆರಿಸ್ಯಾನ ಬೇ ಇದನ?
ಹತ್ತಿಂಚು ಎಂಟಕ್ಕಿಂತ ಮೊದ್ಲ ಹ್ಯಾಂಗ ಬಂತು?"

ಅದು ಅಂಕಿಯನ್ನು ಅಕ್ಷರ ಅಂದುಕೊಂಡಿದೆ ಅಂದೆ,
ಮೊದಲ ಗುರುತು ನೋಡಿ, ಎಂಟಕ್ಕಿಂತ ಒಂದು ಸಣ್ಣದೆಂದು
ಹತ್ತನ್ನು ಮುಂದೆ ಕೂರಿಸಿದೆ.
"ಮಾರಿ ನೋಡಿ ಮಣಿ ಹಾಕೂದು
ಇದಕ್ಕೂ ಗೊತ್ತೈತಿ ಅನ್ನು" ಅಂದು ನಕ್ಕಳು.
ನಾಲ್ಕು ದಿನ ನನಗೆ ಕಾಣದ ತಪ್ಪು
ಒಂದು ಗುಟುಕಿನಲ್ಲಿ ಸಿಕ್ಕಿತ್ತು.
ಒಂದೇ ಸಾಲು ತಿದ್ದಿದೆ. ಆರು, ಎಂಟು, ಹತ್ತು.
ಆಕೆ ಹೌದೆಂಬಂತೆ ಹೆಬ್ಬೆರಳನ್ನು ತೋರುಬೆರಳಿಗೆ ಉಜ್ಜಿದಳು,
ಕಟ್ಟಿನ ತುದಿ ಸರಿ ಮಾಡುವಾಗ ಉಜ್ಜುವ ಹಾಗೆ.

"ಇದ್ರಾಗ ನಾ ಎಲ್ಲಿ ಅದೀನಿ?"

ಕೊನೆಯ ಕಾಲಮ್ಮು, 'ಆರಿಸಿದವರು'. ಅಲ್ಲಿ ಹದಿನೇಳು.
ಹದಿನೇಳರ ಮೇಲೆ ಸೋಸಿದೆ:
ಹನ್ನೊಂದು ಸಾವಿರದ ನಾಲ್ಕುನೂರ ಆರು ಸಾಲು,
ಅದೂ ಖಾತೆ ಶುರುವಾದ ಮೇಲಿನದು ಮಾತ್ರ.
ಆಕೆ ಸುಮ್ಮನೆ ನೋಡಿದಳು.
ನಾನು ಯಾರನ್ನೂ ಕೇಳದೆ ನಂಬರು ತೆಗೆದು ಹೆಸರು ಹಾಕಿದೆ,
ಗೆರೆಯನ್ನು ಹಿಡಿದೆಳೆದು ಮನೆಯನ್ನು ಅಗಲ ಮಾಡಿದೆ,
ಊರ ಹೆಸರೂ ಅಡ್ಡಹೆಸರೂ ಕೂರುವಷ್ಟು.

ಮರುದಿನ ಮಾಲೀಕರ ಫೋನು.
ಮೊಬೈಲಿನಲ್ಲಿ ದರ ಕಾಣುತ್ತಿಲ್ಲ, ಹೆಸರೇ ಜಾಗ ನುಂಗಿದೆ,
ಸಣ್ಣದು ಮಾಡು.
ಮಾಡಿದೆ. ಸಂಬಳ ಅವರದು.
ಈಗ ಅಲ್ಲಿ 'ಶಾವಂ', ಮುಂದೆ ಮೂರು ಚುಕ್ಕಿ,
ಹಲಗೆಯಲ್ಲಿ ಉಳಿದ ಮೊಳೆಗಳಂತೆ.

ಹೇಳಲು ನಾಚಿಕೆಯಾಗಿ ತೋರಿಸಿಯೇಬಿಟ್ಟೆ.
ಆಕೆಗೆ ಅದೇನೂ ದೊಡ್ಡದಾಗಲಿಲ್ಲ,
ಮೌಸು ಇಸಕೊಂಡು ಚುಕ್ಕಿಗಳ ಮೇಲೆ ತಂದು ನಿಲ್ಲಿಸಿದಳು.
ಹಳದಿ ಚೀಟಿಯೊಂದು ಅರಳಿ
ಪೂರ್ತಿ ಹೆಸರು ಬಿಚ್ಚಿಕೊಂಡಿತು.
"ಮುಟ್ಟಿದ್ರ ಹೇಳ್ತೈತಿ" ಅಂದಳು.

ಕೈ ತೆಗೆದಳು. ಮುಚ್ಚಿಕೊಂಡಿತು.
ಮತ್ತೆ ಇಟ್ಟಳು.
ಹೊರಗೆ ಲಾರಿಯಿಂದ ಗೋಣಿ ಇಳಿಸುವ ಸದ್ದು,
ಚಹಾ ಆರುತ್ತಿತ್ತು.