ಮೊದಲ ಮಣೆ

ಆಗಸ್ಟ್ ಮೊದಲ ವಾರ. ಮಾಲ್ಟಾದ ಗ್ಜೀರಾ.
ಸಮುದ್ರಕ್ಕೆ ಮುಖ ಮಾಡಿದ ಐದನೇ ಮಹಡಿಯಲ್ಲಿ
ಪರದೆ ಎಳೆದುಕೊಂಡು ಕೂತಿದ್ದಾಳೆ ರೋಡಿಯಾನ್ ಶೆರ್ರಿ,
ನೀರಿನ ಹೊಳಪು ಮಾನಿಟರಿಗೆ ಬಡಿಯುತ್ತದೆಂದು.

ಅವಳ ಕೆಲಸ ಇಷ್ಟೆ:
ಬಾಜಿಯ ಪಟ್ಟಿಯಲ್ಲಿ
ಯಾವ ಲೀಗು ಯಾವ ಲೀಗಿನ ಮೇಲೆ.
ಪ್ರತಿ ಹೆಸರಿನ ಪಕ್ಕ ಪುಟ್ಟದೊಂದು ಚೌಕ,
ಚೌಕದೊಳಗೆ ಅಂಕಿ.
ಅಂಕಿ ಚಿಕ್ಕದಾದಷ್ಟೂ ಕುಳ ದೊಡ್ಡದು.

ಅಂಕಿ ಹಾಕದೆ ಬಿಟ್ಟರೆ ಯಂತ್ರ, ಪಾಪ,
ಹೊಸ ಮೇಷ್ಟರ ಹಾಗೆ ಹಾಜರಿ ಕೂಗುತ್ತದೆ:
ಅಲ್ಬೇನಿಯಾ, ಅಲ್ಜೀರಿಯಾ, ಅಂಡೋರಾ…
ಹೊಸ ಸೀಸನ್ನಿನ ಫೈಲು ಏರುವ ರಾತ್ರಿ
ವರ್ಷಕ್ಕೊಮ್ಮೆ, ಅರ್ಧ ಗಂಟೆ,
ಅಂಡೋರಾ ಇಂಗ್ಲೆಂಡಿನ ನೆತ್ತಿಯ ಮೇಲಿರುತ್ತದೆ.
ಆಮೇಲೆ ಸ್ಟಾಕ್‌ಹೋಮಿನಿಂದ ಫೋನು.

ಜೂನ್ ಜುಲೈ ಬೇರೆಯೇ ಕಾಲ.
ದೊಡ್ಡವರು ಮರಳಿನಲ್ಲಿ ಬೆನ್ನು ಸುಟ್ಟುಕೊಳ್ಳುವಾಗ
ಫಿನ್ಲೆಂಡು, ಐಸ್‌ಲ್ಯಾಂಡು, ಫೆರೋ ದ್ವೀಪಗಳು
ಮೊದಲ ಮಣೆಯಲ್ಲಿ ಕೂತು ಉಣ್ಣುತ್ತವೆ.
ಕುರಿ ಮೇಯುವ ಗುಡ್ಡದ ಬುಡದಲ್ಲಿ
ಇನ್ನೂರೈವತ್ತು ಜನ ನೋಡುವ ಪಂದ್ಯಕ್ಕೆ
ಮನಿಲಾದಿಂದ ದುಡ್ಡು ಬಂದು ಬೀಳುತ್ತದೆ.
ಸಾರು ಮುಗಿದು ಪಾಯಸ ಬರುವಷ್ಟರಲ್ಲಿ
ಯಜಮಾನರು ಬಂದರು, ಏಳಿ, ಎಲೆ ಎತ್ತಿ.
ಎಬ್ಬಿಸುವವಳು ರೋಡಿಯಾನ್.
ಫೆರೋಗೆ ನಾನೂರ ಹನ್ನೆರಡು.
ಬೇಜಾರಿಲ್ಲದೆ ಎದ್ದು ಮಳೆಯೊಳಗೆ ಹೋಗುತ್ತಾರೆ ಅವರು,
ಹಾಗಂದುಕೊಂಡಿದ್ದಾಳೆ.

ಅಗ್ರಪೂಜೆ ಯಾರಿಗೆ ಅನ್ನುವ ಜಗಳಕ್ಕೆ
ಇಲ್ಲಿ ಯಾರ ತಲೆಯೂ ಉರುಳುವುದಿಲ್ಲ.
ಒಂದು ಗ್ರಾಫು ಇದೆ, ಅದೇ ತೀರ್ಪು:
ಹೆಬ್ಬೆರಳು ಮೂರನೇ ಸಾಲಿನಲ್ಲಿ ನಿಲ್ಲುತ್ತದೆ,
ಆರರ ಕೆಳಗೆ ಇಳಿಯುವವರು ನೂರಕ್ಕೆ ಒಂಬತ್ತು.
ಸರಾಸರಿ ಗ್ರಾಹಕ ಎಂದು ಬರೆದಿದೆ ಗ್ರಾಫಿನ ಕೆಳಗೆ.

ಅವಳಿಗೆ ಆ ಹೆಬ್ಬೆರಳು ಗೊತ್ತು.
ಉಗುರಿನ ಬುಡದಲ್ಲಿ ದೋಣಿಗೆ ಬಳಿದ ನೀಲಿ,
ಚಿಕ್ಕಂದಿನಲ್ಲಿ ಬಾಗಿಲಿಗೆ ಸಿಕ್ಕು ಸೊಟ್ಟಗಾದ ತುದಿ,
ಅಣ್ಣ ನಾತ್ಸ್ಯುವಿನದು.
ಭಾನುವಾರ ಅಮ್ಮನ ಮನೆಯಲ್ಲಿ, ಮೊಲದ ಸಾರಿನ ಮುಂದೆ,
ಮೇಜಿನ ಕೆಳಗೆ ಅದು ಆಡುತ್ತಲೇ ಇರುತ್ತದೆ,
ಮೇಲೆ, ಕೆಳಗೆ, ಮೇಲೆ.
ನಿಲ್ಲುತ್ತದೆ.
ಮೂರನೇ ಸಾಲು. ಅವಳೇ ಇಟ್ಟದ್ದು.

ಮೊನ್ನೆ ಗುರುವಾರ ನಸುಕು ನಾಲ್ಕೂ ಇಪ್ಪತ್ತಕ್ಕೆ
ಪಟ್ಟಿಯ ತಳದಿಂದ, ಒಂಬೈನೂರ ಚಿಲ್ಲರೆಯಿಂದ,
ಗೋಝೋ ದ್ವೀಪದ ಎರಡನೇ ಡಿವಿಷನ್ನನ್ನು
ಕೆದಕಿ ತೆಗೆದಳು.
ಪ್ರೀತಿಯೇನಲ್ಲ.
ಅಲ್ಲಿ ಆಟ ಶುರುವಾಗುವುದೇ ಅಕ್ಟೋಬರಿಗೆ.
ಚೌಕದೊಳಗೆ ಒಂದು ಎಂದು ಒತ್ತಿದಳು.
ಎರಡಕ್ಕೆ, ಮೂರಕ್ಕೆ ಅಂಥವನ್ನೇ ಹುಡುಕಿದಳು,
ಮೈದಾನಕ್ಕೆ ಇನ್ನೂ ಸುಣ್ಣ ಎಳೆಯದ ಊರುಗಳನ್ನು.

ಹನ್ನೊಂದು ನಿಮಿಷ
ಎಷ್ಟೋ ಲಕ್ಷ ಫೋನುಗಳ ನೆತ್ತಿಯಲ್ಲಿ ಖಾಲಿ ಎಲೆ:
ಸದ್ಯ ಪಂದ್ಯಗಳಿಲ್ಲ.
ಸದ್ಯ ಪಂದ್ಯಗಳಿಲ್ಲ.
ಸದ್ಯ ಪಂದ್ಯಗಳಿಲ್ಲ.
(ನಮ್ಮ ಭಾಷೆಯಲ್ಲಾದರೆ ಒಂದು ಅಲ್ಪವಿರಾಮ ಸಾಕಿತ್ತು:
ಸದ್ಯ, ಪಂದ್ಯಗಳಿಲ್ಲ.)

ಯಾರ ಕೈ ಇದು, ಎಂದ ಸ್ಟಾಕ್‌ಹೋಮಿನ ಟೂರ್‌ಬ್ಯೋರ್ನ್.
ಕೈ ತಪ್ಪಿತು, ಎಂದಳು.
ಇಂಗ್ಲೆಂಡಿಗೆ ಒಂದು, ಸ್ಪೇನಿಗೆ ಎರಡು,
ಎಲ್ಲ ತಮ್ಮ ತಮ್ಮ ಮಣೆಗೆ.
ಪರದೆ ಸರಿಸಿ ನೋಡಿದರೆ
ಬಂದರಿನಿಂದ ದೋಣಿಗಳು ಆಗಲೇ ಹೊರಟಿದ್ದವು.

ಭಾನುವಾರ ನಾತ್ಸ್ಯು ಮೂಳೆ ಚೀಪುತ್ತ ಕೇಳಿದ:
ಗುರುವಾರ ನಿಮ್ಮ ಅಂಗಡಿಗೆ ಏನು ಬಡಿದಿತ್ತೇ?
ದೋಣಿ ಬಿಡುವ ಮುಂಚೆ ನೋಡಿದೆ,
ಮೂರು ಸಾಲೂ ಬಿಕೋ ಅನ್ನುತ್ತಿದ್ದವು.
ಆಮೇಲೆ?
ಆಮೇಲೇನು, ಪಕ್ಕದಂಗಡಿಗೆ ಹೋದೆ.
ಅಲ್ಲಿ ಅಲ್ಬೇನಿಯಾ ಮೊದಲಿತ್ತು. ನಲವತ್ತು ಯೂರೋ ಹಾಕಿದೆ.

ಅಲ್ಬೇನಿಯಾ ಎಲ್ಲಿದೆಯಪ್ಪ, ಎಂದಳು ಅಮ್ಮ
ಸೌಟು ಹಿಡಿದುಕೊಂಡು.
ನಾತ್ಸ್ಯು ಬಾಯಿ ತುಂಬಿದ್ದರಿಂದ
ಸೊಟ್ಟ ಹೆಬ್ಬೆರಳೆತ್ತಿ ತೋರಿಸಿದ:
ಮೇಲೆ.