ಅರಳದ ಹರಳು

ಮೇಟಗಳ್ಳಿಯ ಲ್ಯಾಬಿಗೆ ಬುಧವಾರ
ಒಂದು ಗೋಣಿಚೀಲ ಬಂತು: ಉಕ್ಕಿನ ಕಿಟ್ಟ,
ಜಲ್ಲಿಯ ಹಾಗೇ ಕಪ್ಪು, ಜಲ್ಲಿಗಿಂತ ತುಸು ಭಾರ,
ಮೈತುಂಬ ಸೂಜಿಮೊನೆಯಷ್ಟು ತೂತು.
ಚೀಟಿಯಲ್ಲಿ: ಕೂರ್ಗಳ್ಳಿ ಗೋದಾಮು, ನೆಲದ ಕೆಳಪದರ.
ಚೀಲದ ಜೊತೆ ಬಂದ ಕಾಳಿಂಗಯ್ಯನವರು
ಕುರ್ಚಿಯ ತುದಿಯಲ್ಲಿ ಕೂತು
"ಒಂದು ನಂಬರ್ ಕೊಡಿ ಮೇಡಂ, ಸಾಕು" ಅಂದರು.

ನಾನು ಸುಣ್ಣದ ಕೇರಿಯವಳು.
ಕೇರಿಯಲ್ಲಿ ಈಗ ಸುಣ್ಣವಿಲ್ಲ; ಮೊಬೈಲು ರಿಪೇರಿ, ಒಂದು ಜೆರಾಕ್ಸು.
ಅಜ್ಜಿ ಕೆಂಪಾಜಮ್ಮ ಮಾತ್ರ ಕೊನೆತನಕ
ಹಿತ್ತಲ ಗುಂಡಿಯಲ್ಲಿ ಸುಟ್ಟ ಸುಣ್ಣಕ್ಕೆ ನೀರು ಬಿಟ್ಟು
ಕಿವಿಗೊಟ್ಟು ಕೂರುತ್ತಿದ್ದಳು.
ಕೊತಕೊತ ನಿಂತ ಮೇಲೂ ಮುಟ್ಟಗೊಡಳು:
"ತಾಳು, ಒಳಗಿನ್ನೂ ಒಂದು ಹರಳು ಅರಳಿಲ್ಲ.
ಅರಳೋದು ಗುಂಡೀಲೇ ಅರಳಲಿ,
ಗೋಡೇಲಿ ಬ್ಯಾಡ."

ಅರೆದೆ. ಜರಡಿ ಹಿಡಿದೆ. ಫ್ಯಾನು ಆರಿಸಿ
ನಾಲ್ಕನೇ ದಶಾಂಶ ನಿಲ್ಲುವತನಕ ಉಸಿರು ಹಿಡಿದು
ಒಂದು ಗ್ರಾಂ ತೂಗಿದೆ.
ಬೆಚ್ಚಗಿನ ಗ್ಲೈಕಾಲಿನಲ್ಲಿ ಅರ್ಧ ತಾಸು.
ಅದು ಯಾವುದಕ್ಕೂ ಕಟ್ಟುಬೀಳದ ಬಿಡಿ ಸುಣ್ಣವನ್ನು ಕರೆದು ತರುತ್ತದೆ,
ಆಗಲೇ ಅರಳಿ ಸುಮ್ಮನಾದದ್ದನ್ನೂ
ಕೈಹಿಡಿದು ಎಳೆತರುತ್ತದೆ;
ಅಷ್ಟನ್ನು ಕಳೆಯಲು ಇನ್ನೊಂದು ಕುಲುಮೆ, ಇನ್ನೊಂದು ತೂಕ.
ಬ್ಯುರೆಟ್ಟಿನಿಂದ ಆಮ್ಲ, ತೊಟ್ಟು, ತೊಟ್ಟು.
ಕಾಗದದ ಹೂವಿನಷ್ಟು ಗುಲಾಬಿಯಾಗಿದ್ದದ್ದು
ಯಾವ ಹನಿಗೆ ಹೋಯಿತೋ, ಹೋಯಿತು.

ನಾಲ್ಕು ಪಾಯಿಂಟ್ ಆರು.

"ಕಮ್ಮೀನಾ?"
"ಜಾಸ್ತಿ. ಗುಡ್ಡೆ ಹಾಕಿ ನೀರು ಹೊಡೆಸಿ,
ಆರು ತಿಂಗಳು ಹೊರಗೆ ಬಿಡಬೇಕಿತ್ತು."
ಅವರು ಮೊಬೈಲನ್ನು ಮಗುಚಿ ಇಟ್ಟರು.
"ಅರ್ಧ ನೆಲ ಹಾಕಿ ಆಗಿದೆ."

ಇನ್ನೂ ಒಂದಿದೆ ಎಂದು ಹೇಗೆ ಹೇಳಲಿ.
ಸುಣ್ಣ ಬೇಗ ಸಿಟ್ಟಾಗುವ ಮಂದಿಯ ಹಾಗೆ.
ಮೆಗ್ನೀಷಿಯಾ ಹಾಗಲ್ಲ: ವರ್ಷಗಟ್ಟಲೆ ಉಂಡು, ಮಲಗಿ,
ಮೇಲೆ ಲಾರಿ ಓಡಾಡಿದರೂ ತುಟಿ ಪಿಟಕ್ಕೆನ್ನದೆ
ಆಮೇಲೊಂದು ದಿನ ಬೆನ್ನೆತ್ತುತ್ತದೆ.
ನನ್ನ ಗ್ಲೈಕಾಲಿಗೆ ಅದರ ಗುಟ್ಟು ಸಿಕ್ಕುವುದಿಲ್ಲ.
ಅದಕ್ಕೆ ಏಳು ದಿನದ ಹಬೆ ಬೇಕು,
ಮೇಲೊಂದು ಡಯಲು, ಕೂದಲೆಳೆಯಂಥ ಮುಳ್ಳು.

ಐದನೇ ದಿನ ಸಂಜೆ ಕಾಳಿಂಗಯ್ಯನವರು ಮತ್ತೆ ಬಂದರು,
ಚಪ್ಪಲಿ ಹೊರಗೇ ಬಿಟ್ಟು.
ಯಾರೂ ಹೇಳಿಕೊಟ್ಟಿರಲಿಲ್ಲ,
ಹಬೆಯ ಕೊಳಗಕ್ಕೆ ಅಷ್ಟು ದೂರದಿಂದಲೇ ಬಗ್ಗಿ ಕಿವಿಯಿಟ್ಟು
"ಏನೂ ಕೇಳಿಸಲ್ಲವಲ್ಲ ಮೇಡಂ" ಅಂದರು.

ನಾನು ಪುಸ್ತಕದಲ್ಲಿ ಬರೆದುಕೊಂಡೆ:
ಆರೂವರೆ ಗಂಟೆ. ನಿನ್ನೆಗಿಂತ
ಮುಳ್ಳು ಎರಡು ಗೆರೆ ಮೇಲೆ.