ಮರ್ರಾ ಲಾ

ಸಲ್ಮಾಬಾದಿನ ಗ್ಯಾರೇಜು ಓಣಿ, ಜುಲೈ, ಹನ್ನೊಂದು ಗಂಟೆ.
ಪಾನಾ ಹಿಡಿದರೆ ಅಂಗೈ ಚುರ್ರೆನ್ನುವ ಹೊತ್ತು.
ಸಯ್ಯಿದ್ ಮಕ್ಕಿ ತನ್ನ ಹಳೆಯ ಬಿಳಿ ಕಾರು ನಿಲ್ಲಿಸಿ
ಇಳಿದು, ಡಿಕ್ಕಿಯ ಬೆನ್ನಿಗೆರಡು ಬಿಗಿದ:
"ಮರ್ರಾ ಇಶ್ತಗಿಲ್, ಮರ್ರಾ ಲಾ."
ಒಮ್ಮೆ ಕೆಲಸ ಮಾಡುತ್ತೆ, ಒಮ್ಮೆ ಇಲ್ಲ.

ಪೂರ್ತಿ ಸತ್ತದ್ದಾದರೆ ನನಗೆ ಅರ್ಧ ಗಂಟೆಯ ಕೆಲಸ.
ಈ ಒಮ್ಮೊಮ್ಮೆಯದೇ ಪ್ರಾಣ ಹಿಂಡುವುದು.

ಬಟನ್ ಒತ್ತಿದೆ. ಟಕ್. ತೆರೆಯಿತು.
ಮುಚ್ಚಿ ಒತ್ತಿದೆ. ಟಕ್.
ಏಳು ಸಲ. ಏಳೂ ಸಲ ಟಕ್.
ಹಲ್ಲು ಕೀಳುವವನ ಮೆಟ್ಟಿಲು ಹತ್ತಿದೊಡನೆ
ಮಾಯವಾಗುವ ನೋವಿನ ಹಾಗೆ.
ಮುದುಕ ನೆಲ ನೋಡಿದ,
ಆಡದ ಸುಳ್ಳಿಗೆ ಸಿಕ್ಕಿಬಿದ್ದ ಹುಡುಗನಂತೆ.

ಆಮೇಲೆ ಹೇಳಿದ, ಮೊನ್ನೆಯದು:
ಆಸ್ಪತ್ರೆಯ ಬಾಗಿಲು, ಬೆನ್ನ ಹಿಂದೆ ಹಾರ್ನಿನ ಮೇಲೆ ಹಾರ್ನು,
ಹೆಂಡತಿ ಕಾರಿನೊಳಗೆ, ಅವಳ ವಾಕರ್ ಡಿಕ್ಕಿಯೊಳಗೆ.
ಕೀಲಿ ಹಾಕೋಣವೆಂದರೆ ಕೀಲಿತೂತಿಗೆ
ಉಪ್ಪುಗಾಳಿ ಬಡಿದು ವರ್ಷವಾಗಿದೆ.
ಕೊನೆಗೆ ಅವಳು ಇವನ ಹೆಗಲಿಗೆ ಜೋತು
ನಡೆದೇ ಹೋದಳಂತೆ. ಇಪ್ಪತ್ತಾರು ಹೆಜ್ಜೆ.
ಎಣಿಸಿದ್ದಾನೆ.
ಅವಳನ್ನು ಕೂರಿಸಿ ಬಂದು ಒತ್ತಿದರೆ, ಟಕ್.

ಫ್ಯೂಸು ನೋಡಿದೆ, ನೆಟ್ಟಗಿದೆ. ರಿಲೇ ನೆಟ್ಟಗಿದೆ.
ಬೀಗದ ಮೋಟರಿಗೆ ನೇರ ಬ್ಯಾಟರಿ ಕೊಟ್ಟೆ, ಹುಲಿಯಂತೆ ಎಳೆಯಿತು.
ಸಿಂಧನೂರಿನ ಹುಡುಗ ಹುಸೇನಪ್ಪ ಕೇಳಿದ,
"ಎಲ್ಲಾ ಛಲೋ ಐತಲ್ರೀ ಅಣ್ಣಾ, ಮತ್ತ ಕೆಟ್ಟದ್ದೇನು?"
ಬಿಸಿಲಲ್ಲಿ ಬಿಡು, ಬೇಯಲಿ, ಅಂದೆ.
ಅನ್ನ ಸಾರು ಉಂಡೆವು. ಸಯ್ಯಿದ್ ನಮಾಜಿಗೆ ಹೋಗಿ ಬಂದ.

ಎರಡೂವರೆಗೆ ಒತ್ತಿದೆ.
ಏನೂ ಇಲ್ಲ.
ಮತ್ತೆ ಒತ್ತಿದೆ. ಏನೂ ಇಲ್ಲ!
ಮೂವರೂ ನಕ್ಕುಬಿಟ್ಟೆವು,
ಲಾಟರಿ ಹೊಡೆದವರ ಹಾಗೆ.

ಈಗ ಡಿಕ್ಕಿ ಮುಟ್ಟಕೂಡದು. ಗುದ್ದಿದರೆ ತೆರೆದೀತು,
ತೆರೆದರೆ ಕಳ್ಳ ಪರಾರಿ.
ಮುಚ್ಚಿದಾಗ ಮಾತ್ರ ಇರುವ ರೋಗವನ್ನು
ಮುಚ್ಚಿದ್ದರೊಳಗೇ ಹೋಗಿ ಹಿಡಿಯಬೇಕು.
ಹಿಂದಿನ ಸೀಟಿನ ಒರಗು ಬಿಚ್ಚಿಸಿ
ಹೊಟ್ಟೆಯ ಮೇಲೆ ತೆವಳಿದೆ,
ಐವತ್ತೊಂದನೆಯ ವಯಸ್ಸಿನಲ್ಲಿ.

ಒಳಗೆ ಬಾಣಂತಿ ಕೋಣೆಯ ಕಾವು.
ಮಡಚಿದ ವಾಕರ್, ಅದರ ಕಾಲಿಗೆ ಸವೆದ ರಬ್ಬರ್ ಬೂಟು,
ಖರ್ಜೂರದ ಖಾಲಿ ಡಬ್ಬ.
ಬೀಗದ ಪ್ಲಗ್ಗು ಬಿಡಿಸಿ ಅದರ ಬಾಯಿಗೆ
ಟೆಸ್ಟ್ ಲ್ಯಾಂಪ್ ಸಿಕ್ಕಿಸಿದೆ.
"ಒತ್ತು!" "ಒತ್ತೀನ್ರೀ!"
ದೀಪವಿಲ್ಲ.
ಕೀಲಿನ ಹತ್ತಿರ, ಬಾಡಿಯಿಂದ ಮುಚ್ಚಳಕ್ಕೆ ವೈರು ದಾಟುವಲ್ಲಿ,
ಮೊಣಕೈಯಂಥ ರಬ್ಬರ್ ಕೊಳವೆ.
ಅದನ್ನು ಮೆಲ್ಲಗೆ ಹಿಸುಕಿದೆ.
ದೀಪ ಬಂತು. ಬಿಟ್ಟೆ. ಹೋಯಿತು.
ಹಿಸುಕಿದೆ. ಬಂತು.
ಬೆವರು ಕಣ್ಣಿಗಿಳಿಯುತ್ತಿತ್ತು. ಆದರೂ
ಸುಮ್ಮನೆ ಇನ್ನೆರಡು ಸಲ ಹಿಸುಕಿದೆ, ಚಂದ ನೋಡಲು.

ಪ್ಲಗ್ಗು ಮತ್ತೆ ಸಿಕ್ಕಿಸಿ, ಕೊಳವೆ ಹಿಡಿದೇ "ಈಗ" ಅಂದೆ.
ಟಕ್. ಆಕಾಶ.
ಸಯ್ಯಿದನ ಗಡ್ಡ ಮೇಲಿನಿಂದ ಬಗ್ಗಿ ನೋಡುತ್ತಿತ್ತು.

ಕೊಳವೆ ಸರಿಸಿ ಕೆಂಪು ವೈರು ತೋರಿಸಿದೆ.
ಹೊರಗೆ ಒಂದು ಗೀರೂ ಇಲ್ಲ.
ಎರಡು ಬೆರಳಲ್ಲಿ ಹಿಡಿದು ಎಳೆದರೆ ಮಾತ್ರ
ತೊಗಲು ಹಿಗ್ಗಿತು: ಒಳಗೆ ತಾಮ್ರ ತುಂಡಾಗಿತ್ತು,
ತುದಿ ಎರಡೂ ಹಸಿರುಗಟ್ಟಿ
ಒಂದಕ್ಕೊಂದು ಕೂದಲೆಳೆ ದೂರ.
ತಣ್ಣಗಿದ್ದಾಗ ಮುಟ್ಟುತ್ತಿದ್ದವು, ಕಾದಾಗ ಇಲ್ಲ.
ಹತ್ತೊಂಬತ್ತು ವರ್ಷ ತೆರೆದು ಮುಚ್ಚಿದ್ದಕ್ಕೆ.

ಬೆಸುಗೆ ಹಾಕಿದೆ. ಸ್ಲೀವು ಕಾಯಿಸಿದೆ.
ನಾಲ್ಕು ಬೆರಳು ಉದ್ದ ಹೆಚ್ಚು ಬಿಟ್ಟೆ.
"ಅಷ್ಟ್ಯಾಕ್ರೀ?"
ಬಾಗೋದು ಅದರ ಹಣೆಬರಹ ಕಣೋ, ಬಿಗಿ ಕಟ್ಟಬೇಡ.

ಐದು ದಿನಾರು ಕೊಟ್ಟ. ಹತ್ತು ಸಲ ಒತ್ತಿ ನೋಡಿದ.
ಹತ್ತೂ ಸಲ ತೆರೆಯಿತು.
ನನ್ನ ಭುಜ ತಟ್ಟಿ, ದುವಾ ಹೇಳಿ,
ವಾಕರನ್ನು ಡಿಕ್ಕಿಯಿಂದ ಹೊರಗೆ ತೆಗೆದು
ಹಿಂದಿನ ಸೀಟಿನ ಮೇಲೆ ಕೂರಿಸಿ
ಬೆಲ್ಟು ಹಾಕಿದ.